ಗ್ಯಾಸೋ, ಹಾರ್ಟೋ?

ರಾತ್ರಿ ಊಟವಾದ ಮೇಲೆ ಎದೆ ಹಿಡಿದುಕೊಂಡರೆ ನಮ್ಮ ಮನೆಗಳಲ್ಲಿ ಮೊದಲು ಬರುವುದು ಜೀರಿಗೆ ಕಷಾಯ ಅಥವಾ ಈನೋ. ಒಂದು ತೇಗು ಬಂದರೆ ಮುಗಿಯಿತು, 'ಗ್ಯಾಸ್ಟ್ರಿಕ್ಕೇ' ಎಂದು ಎಲ್ಲರೂ ಮಲಗುತ್ತಾರೆ. ಆದರೆ ತೇಗಿನಿಂದ ಏನೂ ಗೊತ್ತಾಗುವುದಿಲ್ಲ. ಹೃದಯಾಘಾತದ ನೋವೂ ಕೆಲವೊಮ್ಮೆ ಏರಿ ಇಳಿಯುತ್ತದೆ.

ಗೊಂದಲದ ಮೂಲ ನರಗಳಲ್ಲಿದೆ. ಹೃದಯ, ಅನ್ನನಾಳ, ಎಡತೋಳಿನ ಒಳಬದಿ, ಇವುಗಳಿಂದ ಬರುವ ನೋವಿನ ನರಗಳು ಬೆನ್ನುಹುರಿಯನ್ನು ಸೇರುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ನೋವು ಯಾವ ಅಂಗದ್ದು ಎಂದು ಮಿದುಳಿಗೆ ಸರಿಯಾಗಿ ತಿಳಿಯುವುದಿಲ್ಲ. ಅದಕ್ಕೇ ಹೃದಯದ ನೋವು ತೋಳಲ್ಲಿ, ದವಡೆಯಲ್ಲಿ, ಬೆನ್ನಲ್ಲಿ, ಹೊಟ್ಟೆಯ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಹೃದಯದ ಕೆಳಭಾಗಕ್ಕೆ ಪೆಟ್ಟಾದರೆ ವಾಂತಿಯೂ ಆಗಬಹುದು, ಥೇಟ್ ಅಜೀರ್ಣದ ಹಾಗೆ. ಸಕ್ಕರೆ ಕಾಯಿಲೆಯವರ ಕಷ್ಟ ಇನ್ನೂ ಜಾಸ್ತಿ. ಹಲವು ವರ್ಷಗಳ ಕಾಯಿಲೆಯಿಂದ ನರಗಳೇ ಮಂದವಾಗಿದ್ದರೆ ನೋವೇ ಇರುವುದಿಲ್ಲ. ಬರೀ ಸುಸ್ತು, ಏದುಸಿರು, ಬೆವರು. ಹೆಂಗಸರಲ್ಲೂ ಹೀಗೆ ಆಗುವುದುಂಟು.

ಹಾಗಾಗಿ ಗ್ಯಾಸೋ ಹಾರ್ಟೋ ಎಂದು ಮನೆಯಲ್ಲಿ ಚರ್ಚೆ ಮಾಡುವುದೇ ದಂಡ. ಎದೆಯ ಮೇಲೆ ಕಲ್ಲು ಇಟ್ಟಂತೆ ಒತ್ತುತ್ತಿದ್ದು, ಸುಧಾರಿಸಿಕೊಂಡರೂ ಹತ್ತು ನಿಮಿಷದಲ್ಲಿ ಇಳಿಯದಿದ್ದರೆ ಹೊರಡಿ. ಜೊತೆಗೆ ತಣ್ಣನೆ ಬೆವರು, ಏದುಸಿರು, ತಲೆಸುತ್ತು ಇದ್ದರೆ ಆ ಹತ್ತು ನಿಮಿಷವೂ ಕಾಯಬೇಡಿ.

ಆಸ್ಪತ್ರೆ ಮುಟ್ಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕು ಎನ್ನುವುದು ವೈದ್ಯರು ಇಟ್ಟುಕೊಂಡಿರುವ ಗುರಿ. ಅದು ಸರಿಯಿದೆ ಅಂದ ಕೂಡಲೇ ಎದ್ದು ಬರುವವರಿದ್ದಾರೆ. ಬರಬಾರದು. ಮೊದಲ ಇಸಿಜಿಯಲ್ಲಿ ಕಾಣದ್ದು ಎರಡನೆಯದರಲ್ಲಿ ಕಾಣಬಹುದು. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಹೊರಬರುವ ಟ್ರೋಪೋನಿನ್ ಪ್ರೋಟೀನ್ ರಕ್ತದಲ್ಲಿ ಏರಲು ಕೆಲವು ಗಂಟೆ ಬೇಕು. ನಿಮ್ಮನ್ನು ಉಳಿಸಿಕೊಳ್ಳುವುದು ಅದಕ್ಕೆ, ಸುಮ್ನೆ ಬಿಲ್ ಬೆಳೆಸಲಿಕ್ಕಲ್ಲ.

ಇಷ್ಟು ಅವಸರ ಯಾಕೆ ಅಂದರೆ, ರಕ್ತನಾಳ ಪೂರ್ತಿ ಕಟ್ಟಿಕೊಂಡರೆ ಸುಮಾರು ಅರ್ಧ ಗಂಟೆಯಲ್ಲೇ ಸ್ನಾಯು ಸಾಯತೊಡಗುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುವುದು ಮೊದಲ ಎರಡು ಮೂರು ಗಂಟೆಗಳಲ್ಲಿ. ಇದಕ್ಕಾಗಿ ಬೆಂಗಳೂರಿನ ಜಯದೇವಕ್ಕೇ ಓಡಬೇಕೆಂದಿಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ಕರ್ನಾಟಕದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲೇ ಟೆನೆಕ್ಟೆಪ್ಲೇಸ್ ಎಂಬ ಈ ದುಬಾರಿ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ.

ನೀವೇ ಬೈಕ್ ಓಡಿಸಿಕೊಂಡು ಹೋಗಬೇಡಿ, ದಾರಿಯಲ್ಲೇ ಪ್ರಜ್ಞೆ ತಪ್ಪಬಹುದು. 108ಕ್ಕೆ ಕರೆ ಮಾಡಿ. ದಿನಾ ನುಂಗುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ. ರಕ್ತ ತೆಳುವಾಗಿಸುವ ಮಾತ್ರೆ ಅದರಲ್ಲಿದ್ದರೆ, ಇಂಜೆಕ್ಷನ್ ಕೊಡುವ ಮುಂಚೆ ವೈದ್ಯರಿಗೆ ಗೊತ್ತಾಗಬೇಕು.