ಸೀಲ್ ಒಡೆಯದ ಹಳೆ ಕಾರ್ ಕಿಟ್: ಬಿಚ್ಚಲಾ, ಹಾಗೇ ಇಡಲಾ?

ಪ್ರಶ್ನೆ: ನನ್ನ ಹತ್ತಿರ 1960ರ ದಶಕದ ಅಮೆರಿಕನ್ ಕಾರ್ ಕಿಟ್ ಒಂದಿದೆ, ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ಪುಟ್ಟ ಮಾದರಿ ಕಾರು ಕಟ್ಟುವಂಥದ್ದು. ಮೇಲೆ ಸುತ್ತಿದ ಪ್ಲಾಸ್ಟಿಕ್ ಇನ್ನೂ ಹರಿದಿಲ್ಲ. ಕೂತು ಕಟ್ಟಬೇಕು ಅಂತ ಆಸೆ. ಆದರೆ ಸೀಲ್ ಒಡೆದರೆ ಬೆಲೆ ಬಿದ್ದುಹೋಗುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆ ಸೇರಿಕೊಂಡಿವೆ. ಬಿಚ್ಚುವುದು ಒಂದು, ಕಟ್ಟುವುದು ಇನ್ನೊಂದು. ಬಿಚ್ಚಿದ ಮಾತ್ರಕ್ಕೆ ಕಟ್ಟಲೇಬೇಕು ಅಂತೇನಿಲ್ಲ ಅಲ್ವಾ? ಕಟ್ಟುವುದನ್ನು ಹತ್ತು ವರ್ಷ ಮುಂದೆ ಹಾಕಿದರೂ ನಷ್ಟವಿಲ್ಲ. ಬಿಚ್ಚುವುದನ್ನು ಮುಂದೆ ಹಾಕಿದರೆ ನಷ್ಟ ಆಗಬಹುದು. ನನಗೆ ಆಗಿದೆ.

ಕೆಲವು ವರ್ಷಗಳ ಹಿಂದೆ ಅಮೆರಿಕದ ಮಿಷಿಗನ್‌ನಲ್ಲಿ ಒಂದು ಸ್ವಾಪ್ ಮೀಟ್‌ಗೆ, ಅಂದರೆ ಹವ್ಯಾಸಿಗಳು ಹಳೆ ಸಾಮಾನು ಮಾರಿ ಕೊಳ್ಳುವ ಸಂತೆಗೆ ಹೋಗಿದ್ದೆ. ಶಾಲೆಯೊಂದರ ಜಿಮ್ ಹಾಲು, ಸಾಲು ಸಾಲು ಮೇಜು, ಮೇಜಿನ ತುಂಬ ಹಳೆ ಡಬ್ಬಗಳು. ಒಂದು ಡಬ್ಬಕ್ಕೆ ಸುತ್ತಿದ ಪ್ಲಾಸ್ಟಿಕ್ ಫಿಲ್ಮು ತಮಟೆಯ ಚರ್ಮದಷ್ಟು ಬಿಗಿಯಾಗಿತ್ತು. ಮೂಲೆಯಲ್ಲಿ ಯಾವುದೋ ಅಂಗಡಿಯ ಬೆಲೆ ಚೀಟಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಸಣ್ಣಗೆ ಲೊಟಲೊಟ. ಜೇಬಿಗೆ ಸ್ವಲ್ಪ ಭಾರವೇ ಆಯಿತು, ಆದರೂ ತಂದೆ. ತಂದವನು ಎರಡು ವರ್ಷ ಕಪಾಟಿನಲ್ಲಿಟ್ಟು ದಿನಾ ನೋಡುತ್ತಾ ಕೂತೆ. ಪೂಜೆ ಒಂದು ಬಾಕಿ.

ಒಂದು ಭಾನುವಾರ ಮನಸ್ಸು ತಡೆಯದೆ ಬಿಚ್ಚಿದೆ. ನಾಲ್ಕು ಟೈರ್‌ಗಳಲ್ಲಿ ಒಂದು ಮುಂದಿನ ಗಾಜಿನ ಮೇಲೆ ಬಿದ್ದಿತ್ತು. ಬಿದ್ದಿತ್ತು ಅನ್ನುವುದಕ್ಕಿಂತ ಹೂತುಕೊಂಡಿತ್ತು. ಮೆಲ್ಲಗೆ ಎಳೆದರೆ ಚರ್ ಅಂತ ಸದ್ದು ಮಾಡಿ ಬಂತು. ಚಪಾತಿ ಹಿಟ್ಟಿನ ಮೇಲೆ ಲೋಟ ಒತ್ತಿದ ಹಾಗೆ ಗಾಜಿನಲ್ಲಿ ಅರ್ಧಚಂದ್ರದ ಗುಳಿ. ಆ ಗುಳಿಯೊಳಗೆ ಟೈರಿನ ಗೀರುಗಳೂ ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಗಾಜು ಅಷ್ಟು ಜಾಗದಲ್ಲಿ ಮಬ್ಬಾಗಿ, ಮುಟ್ಟಿದರೆ ಅಂಟಂಟು. ಡಬ್ಬ ಮಾತ್ರ ಹೊರಗಿನಿಂದ ಹೊಸದರ ಹಾಗೇ ಇತ್ತು.

ಇದು ಒಂದು ಕಂಪನಿಯ ತಪ್ಪಲ್ಲ. ಆ ಕಾಲದ ಬಹುತೇಕ ಕಿಟ್‌ಗಳಿಗೆ ಇರುವ ಕಾಯಿಲೆ. ಕಾರಿನ ಮೈ, ಗಾಜು, ಗಾಲಿ ಎಲ್ಲ ಪಾಲಿಸ್ಟೈರೀನ್ ಪ್ಲಾಸ್ಟಿಕ್. ಟೈರ್ ಮಾತ್ರ ರಬ್ಬರ್ ಥರ ಮೆತ್ತಗಿರಬೇಕು ಅಂತ ವಿನೈಲ್‌ನಲ್ಲಿ ಮಾಡುತ್ತಿದ್ದರು. ವಿನೈಲ್ ತಾನಾಗಿ ಮೆತ್ತಗಿರುವುದಿಲ್ಲ. ಅದಕ್ಕೆ ಎಣ್ಣೆಯಂಥ ಒಂದು ರಾಸಾಯನಿಕ ಬೆರೆಸುತ್ತಾರೆ, ಪ್ಲಾಸ್ಟಿಸೈಸರ್ ಅಂತ. ವರ್ಷಗಳು ಕಳೆದ ಹಾಗೆ ಅದು ಹೊರಗೆ ಜಿನುಗುತ್ತದೆ. ಪಕ್ಕದಲ್ಲಿ ಪಾಲಿಸ್ಟೈರೀನ್ ಸಿಕ್ಕಿದರೆ ಅದರೊಳಗೆ ಇಳಿದು ಅದನ್ನೂ ಮೆತ್ತಗೆ ಮಾಡುತ್ತದೆ. ಬಿಸಿಲು ಬೇಡ, ಬೆಂಕಿ ಬೇಡ, ಬರೀ ಸಹವಾಸ ಸಾಕು. ಸೀಲ್ ಆದ ಡಬ್ಬದೊಳಗೆ ಟೈರ್ ಯಾವುದಕ್ಕೆ ಒರಗಿದೆ ಅಂತ ನಿಮಗೆ ಕಾಣುವುದಿಲ್ಲ. ಗಾಜಿಗೆ ಒರಗಿರಬಹುದು, ಬಾನೆಟ್ಟಿಗೆ ಒರಗಿರಬಹುದು. ನೀವು ಈ ಉತ್ತರ ಓದುತ್ತಿರುವಾಗಲೂ ಒರಗಿಕೊಂಡೇ ಇರಬಹುದು.

ನಮ್ಮ ಮನೆಗಳಲ್ಲಿ ಬೀರುವಿನಲ್ಲಿ ಮಡಚಿಟ್ಟ ರೇಷ್ಮೆ ಸೀರೆಯ ಕತೆ ನಿಮಗೆ ಗೊತ್ತಿರಬೇಕು. ಜೋಪಾನ ಅಂತ ಉಡದೆ ಇಟ್ಟಿದ್ದು ಮಡಿಕೆಯಲ್ಲೇ ಸೀಳಿರುತ್ತದೆ. ಅದಕ್ಕೇ ಅಜ್ಜಿಯರು ಆಗಾಗ ತೆಗೆದು ಮಡಿಕೆ ಬದಲಿಸುತ್ತಿದ್ದರು. ಕಿಟ್‌ಗೂ ಅಂಥದ್ದೇ ಆರೈಕೆ ಬೇಕು.

ಶ್ರಿಂಕ್ ಫಿಲ್ಮ್ ಕೂಡ ಸುಮ್ನೆ ಇರುವ ವಸ್ತುವಲ್ಲ. ಅದು ವರ್ಷಗಟ್ಟಲೆ ನಿಧಾನಕ್ಕೆ ಬಿಗಿಯುತ್ತಲೇ ಹೋಗುತ್ತದೆ. ತೆಳು ರಟ್ಟಿನ ಡಬ್ಬಗಳು ಮಧ್ಯಕ್ಕೆ ಬಾಗಿ, ಮೂಲೆ ಒಡೆಯುವುದು ಇದರಿಂದಲೇ.

ಇನ್ನು ಆ ಫಿಲ್ಮು ಕಾರ್ಖಾನೆಯದ್ದೇನಾ? 1960ರ ದಶಕದ ಶುರುವಿನ ಎಷ್ಟೋ ಕಿಟ್‌ಗಳು ಫಿಲ್ಮಿಲ್ಲದೆಯೇ ಅಂಗಡಿಗೆ ಬಂದವು. ಹಾಗಾಗಿ 1960, 61ರ ಡಬ್ಬ ಫಿಲ್ಮಿನಲ್ಲಿ ಮಿರಮಿರ ಮಿಂಚುತ್ತಿದ್ದರೆ ಸ್ವಲ್ಪ ಅನುಮಾನ ಇರಲಿ. ಫಿಲ್ಮ್ ಸುತ್ತುವ ಮೆಷಿನ್ ಯಾರು ಬೇಕಾದರೂ ಕೊಳ್ಳಬಹುದು. ಹಳೆ ಅಂಗಡಿಯ ಬೆಲೆ ಚೀಟಿ ಎಲ್ಲಿದೆ ನೋಡಿ. ಫಿಲ್ಮಿನ ಮೇಲಿದ್ದರೆ ಒಳ್ಳೆಯ ಸೂಚನೆ. ಫಿಲ್ಮಿನ ಕೆಳಗೆ, ರಟ್ಟಿಗೇ ಅಂಟಿದ್ದರೆ ಚೀಟಿ ಅಂಟಿಸಿದ ಮೇಲೆ ಯಾರೋ ಸುತ್ತಿದ್ದಾರೆ ಅಂತಲೇ ಅರ್ಥ. ಒಳಗೆ ಅರ್ಧ ಕಟ್ಟಿ ಬಿಟ್ಟ ಕಾರೂ ಇರಬಹುದು.

ಈಗ ಬೆಲೆಯ ವಿಷಯ. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಮೆರಿಕದ ಈ ಬಗೆಯ ಕಾರ್ ಕಿಟ್‌ಗಳು ಹುಟ್ಟಿದ್ದು ಕಾರ್ ಶೋರೂಮ್‌ಗಳಿಂದ. ಹೊಸ ಮಾಡೆಲ್ ಬಂದಾಗ ಡೀಲರ್‌ಗಳು ಗಿರಾಕಿಗಳಿಗೆ ತೋರಿಸಲು, ಮಕ್ಕಳ ಕೈಗೆ ಕೊಡಲು ಪುಟ್ಟ ಕಾರುಗಳನ್ನು ತರಿಸುತ್ತಿದ್ದರು. ಅವಕ್ಕೆ ಪ್ರೋಮೋ ಅನ್ನುತ್ತಾರೆ. ನಿಜವಾದ ಕಾರಿನ 25ನೇ ಒಂದು ಭಾಗದ ಅಳತೆ, ಕಾರ್ಖಾನೆಯದ್ದೇ ಬಣ್ಣ. 1950ರ ದಶಕದ ಪ್ರೋಮೋಗಳು ಅಸಿಟೇಟ್ ಪ್ಲಾಸ್ಟಿಕ್ಕಿನವು. ಬಿಸಿಲಿಗಿಟ್ಟ ಹಪ್ಪಳದ ಹಾಗೆ ಅವು ತಾವಾಗಿ ಡೊಂಕಾಗುತ್ತವೆ. ಅದು ಬೇರೆ ಕತೆ, ಬಿಡಿ. ಮಿಷಿಗನ್‌ನ ಟ್ರಾಯ್ ಊರಿನ ಎಎಂಟಿ ಕಂಪನಿ 1958ರಲ್ಲಿ ಪ್ರೋಮೋ ಮಾಡುವ ಅಚ್ಚಿನಿಂದಲೇ ಬಿಡಿಭಾಗಗಳ ಕಿಟ್ ಹೊರತಂದಿತು. ಒಂದೇ ಡಬ್ಬದಲ್ಲಿ ಮೂರು ದಾರಿ: ಕಾರ್ಖಾನೆಯಿಂದ ಬಂದ ಹಾಗೆ ಕಟ್ಟಿ, ನಿಮಗೆ ಬೇಕಾದ ಹಾಗೆ ಸಿಂಗರಿಸಿ ಕಟ್ಟಿ, ಇಲ್ಲವೇ ರೇಸ್ ಕಾರ್ ಮಾಡಿ. ಬೆಲೆ ಒಂದೂವರೆ ಡಾಲರ್ ಆಸುಪಾಸು. ಹುಡುಗರು ಮುಗಿಬಿದ್ದು ಕೊಂಡರು.

ನಿಜವಾದ ಕಾರಿನ ರೂಪ ವರ್ಷ ವರ್ಷ ಬದಲಾಗುತ್ತಿತ್ತು. ಕಿಟ್ಟೂ ಅದರ ಜೊತೆ ಬದಲಾಗಬೇಕು. ಹೊಸ ಅಚ್ಚು ಮಾಡಿಸಲು ಖರ್ಚು ಬಹಳ. ಹಾಗಾಗಿ ಕಂಪನಿಗಳು ಹಳೆ ಅಚ್ಚನ್ನೇ ತಿದ್ದಿ ಮುಂದಿನ ವರ್ಷದ ಕಾರು ಮಾಡುತ್ತಿದ್ದವು. ತಿದ್ದಿದ ಮೇಲೆ ಹಿಂದಿನ ವರ್ಷದ ಕಾರು ಆ ಅಚ್ಚಿನಿಂದ ಮತ್ತೆ ಬರುವ ಹಾಗಿಲ್ಲ. ಕೆಲವು ಅಚ್ಚುಗಳನ್ನು ಕೊನೆಗೆ ರೇಸ್ ಕಾರಿನ ರೂಪಕ್ಕೆ ಎಷ್ಟು ಕೊರೆದರೆಂದರೆ ಮೂಲ ಕಾರಿನ ಗುರುತೇ ಉಳಿಯಲಿಲ್ಲ. ಇಂಥ ವಾರ್ಷಿಕ ಕಿಟ್‌ಗಳಿಗೇ ಇವತ್ತು ನಿಜವಾದ ಬೆಲೆ ಇರುವುದು. ಅಚ್ಚು ಉಳಿದಿದ್ದರೆ ಕತೆ ಬೇರೆ. ಎಎಂಟಿ, ಆ ಕಾಲದ ಇನ್ನೊಂದು ಕಿಟ್ ಕಂಪನಿ ಎಂಪಿಸಿ, ಎರಡೂ ಹೆಸರು ಈಗ ರೌಂಡ್ 2 ಕಂಪನಿಯ ಕೈಯಲ್ಲಿವೆ. ಹಳೆ ಡಬ್ಬದ ಚಿತ್ರವನ್ನೇ ಹಾಕಿ ಅದು ಎಷ್ಟೋ ಕಿಟ್‌ಗಳನ್ನು ಮತ್ತೆ ಹೊರತಂದಿದೆ. ಅಂಥದ್ದು ಮಾರುಕಟ್ಟೆಗೆ ಬಂದ ದಿನ ಹಳೆ ಡಬ್ಬದ ಬೆಲೆ ಇಳಿಯುತ್ತದೆ. ಸೀಲ್ ನೋಡಿಕೊಂಡು ಕೂತವರು ಅವತ್ತು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಒಂದು ಕಿಟ್ಟನ್ನೇ ತೆಗೆದುಕೊಳ್ಳೋಣ. ಡೆಟ್ರಾಯಿಟ್‌ನ ಜೋ-ಹ್ಯಾನ್ ಕಂಪನಿ ಮಾಡಿದ ಕ್ರೈಸ್ಲರ್ ಟರ್ಬೈನ್ ಕಾರ್. ನಿಜವಾದ ಕಾರಿನಲ್ಲಿ ಪಿಸ್ಟನ್ ಎಂಜಿನ್ ಬದಲು ವಿಮಾನದಲ್ಲಿರುವಂಥ ಟರ್ಬೈನ್ ಇತ್ತು. ಇಟಲಿಯ ಗಿಯಾ ಕಂಪನಿ ಮೈ ಮಾಡಿಕೊಟ್ಟಿತ್ತು. ಡೀಸೆಲ್, ಸೀಮೆಎಣ್ಣೆ ಹೀಗೆ ಬಹಳ ಬಗೆಯ ಇಂಧನದಲ್ಲಿ ಓಡುತ್ತಿತ್ತು. ಮೆಕ್ಸಿಕೊದಲ್ಲಿ ಟಕೀಲಾ ಹಾಕಿ ಓಡಿಸಿದ್ದೂ ಉಂಟು. 1963ರಿಂದ 1966ರವರೆಗೆ 50 ಕಾರುಗಳನ್ನು 203 ಜನರಿಗೆ ಸರದಿಯ ಮೇಲೆ ಓಡಿಸಲು ಕೊಟ್ಟರು. ಮೊದಲ ಮಾದರಿಗಳೂ ಸೇರಿ ಒಟ್ಟು 55 ಕಾರು. ಪ್ರಯೋಗ ಮುಗಿದ ಮೇಲೆ 46ನ್ನು ನಾಶ ಮಾಡಿದರು. ಉಳಿದದ್ದು 9.

ಅಂದರೆ ಆ ಕಾರು ನಮ್ಮಂಥವರಿಗೆ ಸಿಗುವುದು ಕಿಟ್‌ನಂಥ ಪುಟ್ಟ ಮಾದರಿಯಾಗಿ ಮಾತ್ರ ಅಂತಲೇ ಹೇಳಬೇಕು. ಇಷ್ಟು ಕೇಳಿದ ಮೇಲೆ ಅದರ ಸೀಲ್ ಆದ ಡಬ್ಬ ಚಿನ್ನ ಅನಿಸುತ್ತದೆ. ಆದರೆ ಜೋ-ಹ್ಯಾನ್ ಅದನ್ನು ಮುಂದೆಯೂ ಬೇರೆ ಬೇರೆ ಡಬ್ಬದಲ್ಲಿ ಮಾರಿದೆ. ಒಳಗಿನ ಕಾರು ಹೆಚ್ಚುಕಡಿಮೆ ಅದೇ. ಹಾಗಾಗಿ ನಿಮ್ಮ ಹತ್ತಿರ 1964ರ ಡಬ್ಬ ಇದ್ದು, ಅದನ್ನು ಕಟ್ಟಲು ಮನಸ್ಸು ಬಾರದಿದ್ದರೆ ಕಟ್ಟದೆ ಇಟ್ಟು, ಆಮೇಲಿನ ಡಬ್ಬವೊಂದನ್ನು ಬಿಚ್ಚಿದ್ದೋ ಮೂಲೆ ಹರಿದದ್ದೋ ಹುಡುಕಿ ಅದನ್ನು ಕಟ್ಟಿ. ಕಟ್ಟಿದ ಮೇಲೆ ಯಾವ ಡಬ್ಬದಿಂದ ಬಂತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಈಗ ನಿಮ್ಮ ಡಬ್ಬಕ್ಕೆ ಬರೋಣ. ಮೊದಲು ಅದೇ ಕಿಟ್ ಮತ್ತೆ ಬಂದಿದೆಯಾ ಪತ್ತೆ ಮಾಡಿ. ಬಂದಿದ್ದರೆ ಧೈರ್ಯವಾಗಿ ಬಿಚ್ಚಿ, ಧೈರ್ಯವಾಗಿ ಕಟ್ಟಿ. ಬಂದಿಲ್ಲ, ಅಚ್ಚೂ ಇಲ್ಲ ಅಂತಾದರೂ ನಾನಾಗಿದ್ದರೆ ಬಿಚ್ಚುತ್ತೇನೆ, ಕಟ್ಟಲು ಮಾತ್ರ ಅವಸರ ಮಾಡುವುದಿಲ್ಲ. ಎಲ್ಲ ಭಾಗವೂ ಇರುವ, ಅಂಟು ಸೋಕದ ಕಿಟ್‌ಗೆ ಸೀಲ್ ಇಲ್ಲದಿದ್ದರೂ ಒಳ್ಳೆಯ ಬೆಲೆ ಸಿಗುತ್ತದೆ. ಒಳಗೆ ಏನಿದೆ ಅಂತ ಕಣ್ಣಾರೆ ನೋಡಿ ಕೊಳ್ಳಬಹುದು ಅಂತಲೇ ಕೆಲವರು ಅಂಥದ್ದನ್ನು ಇಷ್ಟಪಡುತ್ತಾರೆ. ಬೆಲೆ ನಿಜಕ್ಕೂ ಕುಸಿಯುವುದು ಮೊದಲ ಹನಿ ಅಂಟು ಬಿದ್ದಾಗ. ಬಿಚ್ಚಬೇಡಿ ಅಂತ ನಾನು ಹೇಳುವುದು ಒಂದೇ ಸಂದರ್ಭದಲ್ಲಿ: ನಿಮಗೆ ಕಟ್ಟುವ ಆಸೆಯೇ ಇಲ್ಲ, ಇವತ್ತೋ ನಾಳೆಯೋ ಮಾರುವವರಿದ್ದೀರಿ. ಆಗ ಬೇಗ ಮಾರಿ. ಆ ದುಡ್ಡಿನಲ್ಲಿ ಯಾರೋ ಹುಡುಗ 60 ವರ್ಷದ ಹಿಂದೆ ಅಂಟು ಮೆತ್ತಿ ಕಟ್ಟಿದ ಅದೇ ಕಾರು ಸಿಗಬಹುದು. ಅದನ್ನು ಬಿಡಿಸಿ, ಬಣ್ಣ ತೆಗೆದು ಮತ್ತೆ ಕಟ್ಟುವ ಮಜಾ ಬೇರೆಯೇ.

ಬಿಚ್ಚುವುದು ಅಂತಾದರೆ ಹೀಗೆ ಮಾಡಿ. ಡಬ್ಬದ ತಳದ ಅಂಚಿನಲ್ಲಿ ಹೊಸ ಬ್ಲೇಡಿನಿಂದ ಫಿಲ್ಮನ್ನಷ್ಟೇ ಸೀಳಿ, ರಟ್ಟಿಗೆ ತಾಗದ ಹಾಗೆ. ಮುಚ್ಚಳವನ್ನು ಜಗ್ಗಬೇಡಿ, ನಾಲ್ಕೂ ಕಡೆಯಿಂದ ಸ್ವಲ್ಪ ಸ್ವಲ್ಪ ಎತ್ತಿ. ಏನನ್ನೂ ಮುಟ್ಟುವ ಮೊದಲು ಮೇಲಿನಿಂದ ಒಂದು ಫೋಟೊ. ಆಮೇಲೆ ಮೊದಲ ಕೆಲಸ ಟೈರ್ ಹೊರಗೆ ತೆಗೆದು ಬೇರೆ ಪಾಲಿಥೀನ್ ಚೀಲಕ್ಕೆ ಹಾಕುವುದು. ಗಾಜಿನ ಭಾಗಕ್ಕೆ ಒಂದು ಚೀಲ, ಕ್ರೋಮ್ ಭಾಗಕ್ಕೆ ಒಂದು. ಕಟ್ಟುವ ವಿಧಾನದ ಹಾಳೆ ಹಿಡಿದು ಭಾಗಗಳನ್ನು ಎಣಿಸಿ. ಕಾರ್ಖಾನೆಯಲ್ಲೇ ಒಂದು ಬಂಪರ್ ಹಾಕಲು ಮರೆತಿದ್ದರೆ 60 ವರ್ಷ ಆದ ಮೇಲೆ ಯಾರನ್ನು ಕೇಳುತ್ತೀರಿ? ಗೊತ್ತಾದರೆ ಹುಡುಕಲಾದರೂ ಶುರು ಮಾಡಬಹುದು.

ಡೆಕಾಲ್ ಹಾಳೆಯನ್ನು, ಅಂದರೆ ನೀರಿನಲ್ಲಿ ನೆನೆಸಿ ಕಾರಿಗೆ ಅಂಟಿಸುವ ಚಿತ್ರಗಳ ಹಾಳೆಯನ್ನು, ಮೊದಲೇ ಒಳ್ಳೆಯ ರೆಸಲ್ಯೂಶನ್‌ನಲ್ಲಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಹಳದಿ ಆಗಿದ್ದರೆ ಕಿಟಕಿ ಗಾಜಿಗೆ ಅಂಟಿಸಿ ಕೆಲವು ದಿನ ಬಿಸಿಲು ತೋರಿಸಿ, ಬೆಳ್ಳಗಾಗುತ್ತದೆ. ನೀರಿಗೆ ಹಾಕುವ ಮೊದಲು ಬೇಡದ ಒಂದು ತುಂಡು ಕತ್ತರಿಸಿ ಪರೀಕ್ಷೆ ಮಾಡಿ. ಹಳೆ ಡೆಕಾಲ್ ನೀರಿನಲ್ಲಿ ಚೂರುಚೂರಾಗುವುದು ಮಾಮೂಲಿ. ಮೇಲೆ ಒಂದು ಪದರ ಬಣ್ಣವಿಲ್ಲದ ಕ್ಲಿಯರ್ ವಾರ್ನಿಶ್ ಹೊಡೆದುಕೊಂಡರೆ ಬಹಳ ಸಲ ಉಳಿಯುತ್ತದೆ. ಕಟ್ಟುವಾಗ ಗಾಲಿ ಮತ್ತು ಟೈರ್ ನಡುವೆ ತೆಳು ಫಾಯಿಲ್ ಸುತ್ತಿ, ಇಲ್ಲದಿದ್ದರೆ ಕಟ್ಟಿದ ಮೇಲೂ ಅದೇ ಕಾಯಿಲೆ ಮುಂದುವರಿಯುತ್ತದೆ.

ನೀವು ನಮ್ಮೂರ ಕಡೆ ಇದ್ದರೆ ಇನ್ನೊಂದು ಮಾತು. ಈ ಡಬ್ಬಗಳು ಅಟ್ಟಕ್ಕೆ ಹೋಗುವ ವಸ್ತುವಲ್ಲ. ಬೇಸಿಗೆಯಲ್ಲಿ ತಾರಸಿ ಕೆಳಗಿನ ಅಟ್ಟ ಕಾದ ಹೆಂಚು. ಬಿಸಿ ಹೆಚ್ಚಿದಷ್ಟೂ ಟೈರ್ ಬೇಗ ಜಿನುಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ರಟ್ಟಿಗೆ ಬೂಸ್ಟು ಹಿಡಿಯುತ್ತದೆ. ಗೆದ್ದಲಿಗೆ ಹಳೆ ಡಬ್ಬ ಹೊಸ ಡಬ್ಬ ಅಂತ ಭೇದ ಇಲ್ಲ. ಮಲಗುವ ಕೋಣೆಯ ಬೀರು ಒಳ್ಳೆಯದು. ಡಬ್ಬವನ್ನು ಮಲಗಿಸಿ ಇಡಿ, ಮೇಲೆ ಭಾರ ಹೇರಬೇಡಿ.

ನನ್ನ ಗಾಜಿಗೆ ಏನಾಯಿತು ಅಂತ ಕೇಳುತ್ತೀರಿ. ತಿಕ್ಕಿ ನೋಡಿದೆ, ಪಾಲಿಶ್ ಹಾಕಿ ನೋಡಿದೆ, ಗುಳಿ ಹೋಗಲಿಲ್ಲ. ಬೇರೆ ಗಾಜು ಸಿಗಲಿಲ್ಲ. ಆಮೇಲೆ ಡಬ್ಬದ ಮೇಲೆ ಬರೆದಿದ್ದ ಮೂರು ದಾರಿ ನೆನಪಾಯಿತು. ಆ ಕಾಲದ ಮಣ್ಣಿನ ಟ್ರ್ಯಾಕ್‌ನ ರೇಸ್ ಕಾರುಗಳಲ್ಲಿ ಎಷ್ಟೋ ಕಾರುಗಳಿಗೆ ಗಾಜೇ ಇರುತ್ತಿರಲಿಲ್ಲ, ತೆಗೆದುಹಾಕುತ್ತಿದ್ದರು. ನಾನೂ ಹಾಗೇ ಕಟ್ಟಿದೆ. ಬಾಗಿಲಿಗೆ ನಂಬರ್, ಗಾಜಿನ ಜಾಗದಲ್ಲಿ ತಂತಿಯ ಜಾಲರಿ, ಚಕ್ರದ ಸುತ್ತ ಒಂದಿಷ್ಟು ಕೆಮ್ಮಣ್ಣು. ಆ ಮಣ್ಣು ನಮ್ಮ ಮನೆ ಹಿತ್ತಲಿನದು.