ಬುಲ್‌ಶಿಟ್: ಸುಳ್ಳಿಗೂ ಬುರುಡೆಗೂ ಇರುವ ವ್ಯತ್ಯಾಸ

'ಬುಲ್‌ಶಿಟ್' ಅಂದರೆ ಸುಳ್ಳು ಅಂತ ಅರ್ಥ ಹೇಳಿ ಮುಗಿಸಿಬಿಡುವುದು ಸುಲಭ. ತುಂಬಾ ಜನ ಹಾಗೇ ತಿಳಿದಿದ್ದಾರೆ. ನನಗೆ ಮಾತ್ರ ಈ ಪದ ಕಿವಿಗೆ ಬಿದ್ದಾಗಲೆಲ್ಲ ನೆನಪಾಗುವುದು ಕನ್ನಡದ 'ಬುರುಡೆ'. 'ಅವನು ಸುಳ್ಳು ಹೇಳಿದ' ಅನ್ನುವುದಕ್ಕೂ 'ಅವನು ಬುರುಡೆ ಬಿಟ್ಟ' ಅನ್ನುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಈ ಇಂಗ್ಲಿಷ್ ಪದದ ಜೀವ ಇರುವುದೂ ಅಲ್ಲೇ.

ಮೊದಲು ಪದವನ್ನು ಬಿಡಿಸಿ ನೋಡೋಣ. 'ಬುಲ್' ಅಂದರೆ ಗೂಳಿ, 'ಶಿಟ್' ಅಂದರೆ ಹೇಲು. ಇದನ್ನು 'ಗೂಳಿಯ ಸಗಣಿ' ಅಂತ ಕನ್ನಡಕ್ಕೆ ತಂದರೆ ಖಾರವೆಲ್ಲ ಹೋಗಿಬಿಡುತ್ತದೆ. ಸಗಣಿಗೆ ಇಂಗ್ಲಿಷಿನಲ್ಲಿ 'ಡಂಗ್' ಅನ್ನುವ ಸಭ್ಯ ಪದ ಬೇರೆಯೇ ಇದೆ. 'ಶಿಟ್' ಹಾಗಲ್ಲ. ನಾಲ್ಕು ಜನರ ಮುಂದೆ ಕನ್ನಡದಲ್ಲಿ 'ಹೇಲು' ಅಂದರೆ ಹೇಗೆ ಮುಖ ಕಿವುಚುತ್ತಾರೋ, ಅದೂ ಅಷ್ಟೇ ಒರಟು.

'ಬುಲ್' ಅನ್ನುವ ಮಾತೊಂದಕ್ಕೇ 17ನೇ ಶತಮಾನದಲ್ಲಿ ಅಸಂಬದ್ಧ ಮಾತು ಅನ್ನುವ ಅರ್ಥ ಇತ್ತು. ಅದಕ್ಕೆ 'ಶಿಟ್' ಅಂಟಿಕೊಂಡು ಈಗಿನ ಪದ ಚಾಲ್ತಿಗೆ ಬಂದದ್ದು 20ನೇ ಶತಮಾನದ ಶುರುವಿನಲ್ಲಿ. ಕವಿ ಟಿ.ಎಸ್. ಎಲಿಯಟ್ 1910ರ ಸುಮಾರಿಗೆ ಬರೆದ ಒಂದು ಪದ್ಯದ ಹೆಸರಿನಲ್ಲೇ ಈ ಪದ ಇದೆ. ಅವರು ಬದುಕಿರುವವರೆಗೆ ಆ ಪದ್ಯ ಅಚ್ಚಾಗಲಿಲ್ಲ.

ಬೈಗುಳ ಅಂತ ಎಲ್ಲರೂ ಬದಿಗಿಟ್ಟಿದ್ದ ಈ ಪದವನ್ನು ಎತ್ತಿಕೊಂಡು ಗಂಭೀರವಾಗಿ ಯೋಚಿಸಿದವರು ಅಮೆರಿಕದ ತತ್ವಶಾಸ್ತ್ರಜ್ಞ ಹ್ಯಾರಿ ಫ್ರಾಂಕ್‌ಫರ್ಟ್. 1986ರಲ್ಲಿ ಅವರು ಬರೆದ ಪ್ರಬಂಧ 2005ರಲ್ಲಿ ಪುಟ್ಟ ಪುಸ್ತಕವಾಗಿ ಬಂತು, ಚೆನ್ನಾಗಿ ಮಾರಾಟವೂ ಆಯಿತು. ಅವರ ಮಾತು ಇಷ್ಟು: ಸುಳ್ಳು ಹೇಳುವವನಿಗೆ ನಿಜದ ಮೇಲೆ ಒಂದು ಕಣ್ಣು ಇದ್ದೇ ಇರುತ್ತದೆ. ಅದನ್ನು ಮುಚ್ಚಿಡಬೇಕಲ್ಲ, ಅದಕ್ಕೆ. ಬುಲ್‌ಶಿಟ್ ಹೊಡೆಯುವವನಿಗೆ ಆ ಚಿಂತೆಯೇ ಇಲ್ಲ. ತಾನು ಹೇಳುತ್ತಿರುವುದು ನಿಜವೋ ಸುಳ್ಳೋ ಅವನಿಗೆ ಬೇಕಾಗಿಲ್ಲ, ಕೇಳುವವರು ತಲೆದೂಗಿದರೆ ಸಾಕು. ಸತ್ಯಕ್ಕೆ ಸುಳ್ಳುಗಾರನಿಗಿಂತ ಇವನೇ ದೊಡ್ಡ ಶತ್ರು ಅಂದರು ಫ್ರಾಂಕ್‌ಫರ್ಟ್. ನನಗೂ ಇದು ನೂರಕ್ಕೆ ನೂರು ಸರಿ ಅನಿಸುತ್ತದೆ.

ಒಂದು ಕೆಲಸದ ಸಂದರ್ಶನ ನಡೆಯುತ್ತಿದೆ ಅಂದುಕೊಳ್ಳಿ. 'ಈ ಸಾಫ್ಟ್‌ವೇರ್ ಬಳಸಿದ್ದೀರಾ?' ಅಂತ ಕೇಳುತ್ತಾರೆ. ಮುಟ್ಟಿಯೂ ನೋಡಿರದವನು 'ಹೌದು, ಮೂರು ವರ್ಷ' ಅಂದರೆ ಅದು ಸುಳ್ಳು. ಅದರ ಬದಲು, 'ನೋಡಿ ಸಾರ್, ಟೂಲ್ ಯಾವುದು ಅನ್ನೋದು ಮುಖ್ಯ ಅಲ್ಲ, ಮೈಂಡ್‌ಸೆಟ್ ಮುಖ್ಯ. ನಾನು ಯಾವತ್ತೂ ಬಿಗ್ ಪಿಕ್ಚರ್ ನೋಡೋನು' ಅಂತ ಐದು ನಿಮಿಷ ಕೊರೆದರೆ ಅದು ಅಪ್ಪಟ ಬುಲ್‌ಶಿಟ್. ಇದು ಸುಳ್ಳು ಅಂತ ಬೆರಳಿಟ್ಟು ತೋರಿಸಲು ಅಲ್ಲಿ ಒಂದು ವಾಕ್ಯವೂ ಸಿಗುವುದಿಲ್ಲ. ಸುಳ್ಳನ್ನಾದರೆ ಒಂದು ಫೋನ್ ಮಾಡಿ ಪತ್ತೆ ಹಚ್ಚಬಹುದು. ಇದನ್ನು ಎಲ್ಲಿಂದ ಹಿಡಿಯುವುದು? ಇಟಲಿಯ ಪ್ರೋಗ್ರಾಮರ್ ಆಲ್ಬರ್ಟೊ ಬ್ರ್ಯಾಂಡೊಲಿನಿ 2013ರಲ್ಲಿ ಇದೇ ಸಂಕಟವನ್ನು ಒಂದು ಸೂತ್ರದ ಹಾಗೆ ಹೇಳಿದರು. ಬುಲ್‌ಶಿಟ್ ಹುಟ್ಟಿಸಲು ಬೇಕಾಗುವ ಶ್ರಮಕ್ಕಿಂತ ಅದನ್ನು ಅಲ್ಲಗಳೆಯಲು ಹತ್ತು ಪಟ್ಟಿನ ಶ್ರಮ ಬೇಕು ಅಂತ.

ಇನ್ನು ಬಳಕೆ. ಒಂಟಿಯಾಗಿ 'ಬುಲ್‌ಶಿಟ್!' ಅಂದರೆ 'ಏ, ಸುಮ್ನಿರು, ನಂಬಲ್ಲ' ಅಂತ. 'ಆರ್ ಯು ಬುಲ್‌ಶಿಟಿಂಗ್ ಮಿ?' ಅಂದರೆ 'ನನ್ನ ಕಿವಿಗೇ ಹೂ ಇಡ್ತೀಯಾ?' 'ಕಟ್ ದಿ ಬುಲ್‌ಶಿಟ್' ಅಂದರೆ 'ಪುರಾಣ ಸಾಕು, ವಿಷಯಕ್ಕೆ ಬಾ'. ಬುರುಡೆಯನ್ನು ಬುರುಡೆ ಅಂತ ಮುಖಕ್ಕೆ ಹೇಳುವುದಕ್ಕೆ 'ಕಾಲಿಂಗ್ ಬುಲ್‌ಶಿಟ್' ಅನ್ನುತ್ತಾರೆ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 2017ರಲ್ಲಿ ಇದೇ ಹೆಸರಿನ ಕೋರ್ಸ್ ಕೂಡ ಶುರುವಾಯಿತು. ಅಂಕಿ-ಅಂಶ ಮುಂದಿಟ್ಟುಕೊಂಡು ಬಿಡುವ ಬುರುಡೆಯನ್ನು ಗುರುತಿಸುವುದು ಹೇಗೆ ಅನ್ನುವುದೇ ಅಲ್ಲಿನ ಪಾಠ.

ಆದರೆ 'ಬುರುಡೆ' ಎಲ್ಲ ಕಡೆ ಹೊಂದುವುದಿಲ್ಲ. 'ದಿಸ್ ರೂಲ್ ಈಸ್ ಬುಲ್‌ಶಿಟ್' ಅಂದಾಗ 'ಈ ನಿಯಮಕ್ಕೆ ತಲೆಬುಡ ಇಲ್ಲ, ಇದು ಅನ್ಯಾಯ' ಅನ್ನುವ ಸಿಟ್ಟು ಇರುತ್ತದೆ. ಮಾಡುವವರಿಗೇ ಅರ್ಥವಿಲ್ಲ ಅನಿಸುವ ಕೆಲಸಗಳನ್ನು ಮಾನವಶಾಸ್ತ್ರಜ್ಞ ಡೇವಿಡ್ ಗ್ರೇಬರ್ 'ಬುಲ್‌ಶಿಟ್ ಜಾಬ್' ಅಂತ ಕರೆದರು. ಗೆಳೆಯರು ಕೂತು 'ವಿ ವರ್ ಜಸ್ಟ್ ಬುಲ್‌ಶಿಟಿಂಗ್' ಅಂದರೆ ಬರೀ ಹರಟೆ, ಅದರಲ್ಲಿ ಬೈಗುಳವೇ ಇಲ್ಲ. 'ಬ್ಯಾಟ್‌ಶಿಟ್' ಅಂತ ಕೇಳಿದರೆ ಇದರ ಜೊತೆ ಸೇರಿಸಬೇಡಿ. ಅದು ತಲೆ ಕೆಟ್ಟಿದೆ ಅನ್ನುವುದಕ್ಕೆ ಬಳಸುವ ಮಾತು.

ನಮಗೆ ಇಂಗ್ಲಿಷ್ ಆಮೇಲೆ ಕಲಿತ ಭಾಷೆ. ಅದರ ಬೈಗುಳದ ಬಿಸಿ ನಮ್ಮ ನಾಲಿಗೆಗೆ ತಟ್ಟುವುದೇ ಇಲ್ಲ, ತಟ್ಟುವುದು ಕೇಳಿಸಿಕೊಂಡವರಿಗೆ. ಒಮ್ಮೆ ಆಫೀಸ್ ಮೀಟಿಂಗಿನಲ್ಲಿ ಹಿರಿಯರೊಬ್ಬರು ತೋರಿಸಿದ ಲೆಕ್ಕ ನೋಡಿ ನಾನು 'ದಟ್ಸ್ ಬುಲ್‌ಶಿಟ್' ಅಂದುಬಿಟ್ಟೆ. ಲೆಕ್ಕ ತಪ್ಪಿದೆ ಅನ್ನುವುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಅವರು ಲ್ಯಾಪ್‌ಟಾಪ್ ಮುಚ್ಚಿದರು. ಆ ದಿನವಿಡೀ ನನ್ನ ಜೊತೆ ಮಾತಾಡಲಿಲ್ಲ. 'ರಾಂಗ್' ಅಂದಿದ್ದರೆ ಸಾಕಿತ್ತು. 'ಬಿಎಸ್' ಅನ್ನುವ ಮೊಟಕು ರೂಪ ಸ್ವಲ್ಪ ಮೆತ್ತಗಿದೆ ನಿಜ, ಆದರೆ ಅದೂ ಅಲ್ಲಿಗೆ ಸಲ್ಲುತ್ತಿರಲಿಲ್ಲ. ಯಾಕೆಂದರೆ ಅವರು ಬುರುಡೆ ಬಿಟ್ಟಿರಲೇ ಇಲ್ಲ. ಲೆಕ್ಕದಲ್ಲಿ ಒಂದು ಸೊನ್ನೆ ಬಿಟ್ಟುಹೋಗಿತ್ತು, ಅಷ್ಟೇ.