ಅತಿಥಿ ವಿಮಾನದಲ್ಲಿ ಬಂದರೆ ಹೋಂಸ್ಟೇ ಹಸಿರೇ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ. ಊಟಕ್ಕೆ ಅಡಿಕೆ ಹಾಳೆಯ ತಟ್ಟೆ, ಒಲೆಗೆ ಗೋಬರ್ ಗ್ಯಾಸ್, ಕುಡಿಯಲು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಹರಿದು ಬರುವ ನೀರು. ಆದರೆ ಹೆಚ್ಚಿನ ಅತಿಥಿಗಳು ದೆಹಲಿಯಿಂದ ವಿಮಾನದಲ್ಲಿ ಮಂಗಳೂರಿಗೆ ಬಂದಿಳಿಯುವವರು. ಇದನ್ನು ಸುಸ್ಥಿರ ಪ್ರವಾಸೋದ್ಯಮ ಎನ್ನಬಹುದೇ?

ಉತ್ತರ: ನಿಮ್ಮ ಮನೆಯನ್ನು ಹಾಗೆನ್ನಬಹುದು. ಅವರ ಪ್ರವಾಸವನ್ನು ಹಾಗೆನ್ನಲು ನನಗೆ ನಾಲಿಗೆ ಬಾರದು.

ಲೆಕ್ಕ ಹಾಕೋಣ. ದೆಹಲಿಯಿಂದ ಮಂಗಳೂರಿಗೆ ನೇರ ದಾರಿಯಲ್ಲಿ ಸುಮಾರು 1,750 ಕಿಲೋಮೀಟರ್. ಒಬ್ಬ ಪ್ರಯಾಣಿಕನ ಪಾಲಿಗೆ ಕಿಲೋಮೀಟರಿಗೆ 90 ಗ್ರಾಂ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೂ ಹೋಗಿ ಬರುವಷ್ಟರಲ್ಲಿ 315 ಕಿಲೋ. ಅಡುಗೆ ಅನಿಲದ 14.2 ಕಿಲೋ ಸಿಲಿಂಡರ್ ಪೂರ್ತಿ ಉರಿದರೆ ಹೊರಬೀಳುವುದು ಸುಮಾರು 42 ಕಿಲೋ. ಅಂದರೆ ನೀವು ದಿನಾ ಬೆಳಿಗ್ಗೆ ಸಗಣಿ ಕದಡಿ ಉಳಿಸಿದ ಏಳು ಸಿಲಿಂಡರನ್ನು ಒಬ್ಬ ಅತಿಥಿ ಬಂದು ಹೋಗುವುದರಲ್ಲೇ ಮುಗಿಸಿರುತ್ತಾನೆ. ಹಾಳೆತಟ್ಟೆಯ ಮಾತು ಬಿಡಿ, ಅದು ಈ ತಕ್ಕಡಿಯಲ್ಲಿ ತೂಗುವುದೇ ಇಲ್ಲ. ವಿಮಾನದ ಹಿಂದೆ ಮೂಡುವ ಬಿಳಿ ಗೆರೆಯೂ ಭೂಮಿಯ ಬಿಸಿ ಹೆಚ್ಚಿಸುತ್ತದೆ. ಅದು ಈ ಲೆಕ್ಕಕ್ಕೆ ಸೇರಿಲ್ಲ.

ಕೊಚ್ಚಿ ವಿಮಾನ ನಿಲ್ದಾಣ 2015ರಿಂದ ಸೌರವಿದ್ಯುತ್ತಿನಲ್ಲೇ ನಡೆಯುತ್ತಿದೆಯಲ್ಲ ಎಂದು ಕೇಳುವವರಿದ್ದಾರೆ. ನಿಲ್ದಾಣದ ದೀಪ ಉರಿಯುವುದು ಬಿಸಿಲಿನಿಂದ, ವಿಮಾನ ಹಾರುವುದು ಎಣ್ಣೆಯಿಂದಲೇ. ಕರಿದ ಎಣ್ಣೆಯಿಂದ ವಿಮಾನದ ಇಂಧನ ಮಾಡುವುದೂ ಉಂಟು, ಆದರೆ ಜಗತ್ತಿನ ಒಟ್ಟು ಬಳಕೆಯಲ್ಲಿ ಅದರ ಪಾಲು ಶೇಕಡಾ 1ನ್ನೂ ಮುಟ್ಟಿಲ್ಲ.

(ಗಲ್ಫಿನಲ್ಲಿ ದುಡಿದು ಎರಡು ವರ್ಷಕ್ಕೊಮ್ಮೆ ಊರಿಗೆ ಬರುವ ನಮ್ಮ ಹುಡುಗರನ್ನು ಈ ಮಾತಿಗೆ ಎಳೆಯಬೇಡಿ. ಅದು ಪ್ರವಾಸವಲ್ಲ.)

ಹಾಗೆಂದು ಬಾಗಿಲು ಹಾಕಬೇಕಿಲ್ಲ. ವರ್ಷಕ್ಕೆ ಮೂರು ಸಲ ಹಾರಿ ಎರಡೆರಡು ರಾತ್ರಿ ಉಳಿಯುವವನು ಒಂದೇ ಸಲ ಬಂದು ಆರು ರಾತ್ರಿ ಇದ್ದರೆ ಎರಡು ಪ್ರಯಾಣದ ಹೊಗೆ ನಿಜಕ್ಕೂ ಉಳಿಯುತ್ತದೆ. ಆದ್ದರಿಂದ ವಾರದ ಬಾಡಿಗೆಗೆ ರಿಯಾಯಿತಿ ಕೊಡಿ. ದೆಹಲಿಯ ನಿಜಾಮುದ್ದೀನ್ ನಿಲ್ದಾಣದಿಂದ ಹೊರಡುವ ಮಂಗಳಾ ಎಕ್ಸ್‌ಪ್ರೆಸ್ ಕಾಸರಗೋಡಿನಲ್ಲಿ ನಿಲ್ಲುತ್ತದೆ. ನಲವತ್ತು ಗಂಟೆಯ ಆಸುಪಾಸಿನ ಪ್ರಯಾಣ, ಬೆನ್ನು ನೋಯುವುದು ಖಂಡಿತ, ಆದರೆ ಹೊಗೆ ವಿಮಾನಕ್ಕಿಂತ ಹಲವು ಪಟ್ಟು ಕಡಿಮೆ. ರೈಲು ಟಿಕೆಟ್ ತೋರಿಸಿದವರಿಗೆ ಒಂದು ಹೊತ್ತಿನ ಊಟ ಉಚಿತ ಎಂದು ಬರೆದು ಹಾಕಿ. ಅವರನ್ನು ನಿಲ್ದಾಣದಿಂದ ಕರೆತರುವ ಜೀಪಿನ ಏರ್ಪಾಡೂ ನಿಮ್ಮದೇ ಇರಲಿ. ಫಲಕದಲ್ಲಿ ‘ಸುಸ್ಥಿರ ಪ್ರವಾಸ’ ಎಂದಿದ್ದರೆ ಅದನ್ನು ಅಳಿಸಿ ‘ಸುರಂಗದ ನೀರು, ಗೋಬರ್ ಗ್ಯಾಸಿನ ಅಡುಗೆ’ ಎಂದು ಬರೆಯಿಸಿ.